‘ಗಾಡಿ ರೆಡಿ ಐತೆ ಮೇಡಂ’

ತಂಬ್ರಹಳ್ಳಿ ಇನ್ನೇನು ಬಂತು ಅನ್ನುವಾಗ ಸ್ಟೇರಿಂಗ್ ಹಿಂದೆ ಕೆಂಪು ದೀಪ ಹತ್ತಿತು. ಎಣ್ಣೆಗಿಂಡಿಯ ಚಿತ್ರ ಇರುವ ದೀಪ. ಹಿಂದಿನ ಸೀಟಿನಲ್ಲಿ ಐಸ್ ತುಂಬಿದ ಪೆಟ್ಟಿಗೆ, ಅದರೊಳಗೆ ಕುರಿಗಳಿಗೆ ಹಾಕುವ ಲಸಿಕೆ. ಕಾರನ್ನು ಹಿಂದಿನ ದಿನ ಸಂಜೆಯಷ್ಟೇ ಹರಪನಹಳ್ಳಿಯ ಸರ್ವಿಸ್ ಸೆಂಟರಿನಿಂದ ತಂದಿದ್ದೆ. ಅದಕ್ಕೇನೂ ರೋಗ ಇರಲಿಲ್ಲ. ಇಂಜಿನ್ ಆಯಿಲ್ ಬದಲಿಸಿ, ಆಯಿಲ್ ಫಿಲ್ಟರ್ ಬದಲಿಸಿ, ತೊಳೆದು ಕೊಡುವ ಮಾಮೂಲಿ ಸರ್ವಿಸ್. ವಾರವೆಲ್ಲ ಕುರಿಹಟ್ಟಿಯಿಂದ ಕುರಿಹಟ್ಟಿಗೆ ಓಡಾಟ ಇದೆ, ದಾರಿಯಲ್ಲಿ ಕೈಕೊಡಬಾರದು ಅಂತ ಒಂದು ದಿನ ಮುಂಚೆಯೇ ಮಾಡಿಸಿದ್ದೆ.

ನಾನು ಪಶುವೈದ್ಯೆ. ಮನೆ ಕೊಟ್ಟೂರಿನಲ್ಲಿ, ಕೆಲಸ ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ. ಆ ವಾರ ಹಿರೇಹಡಗಲಿ ಕಡೆಯಿಂದ ಬಂದು ಹೊಲಗಳಲ್ಲಿ ಬೀಡುಬಿಟ್ಟಿದ್ದ ಒಂದು ಹಿಂಡಿನಲ್ಲಿ ಪಿಪಿಆರ್ ಕಾಣಿಸಿಕೊಂಡಿತ್ತು. ಜ್ವರ ಬಂದು, ಮೂಗು ಸುರಿದು, ಬಾಯಲ್ಲಿ ಹುಣ್ಣಾಗಿ, ಭೇದಿಯಾಗಿ ಕುರಿಗಳು ಸಾಯುವ ರೋಗ. ಬಂದ ಹಿಂಡನ್ನು ಬೇರೆ ಮಾಡಿ, ಸುತ್ತಲಿನ ಹಿಂಡುಗಳಿಗೆಲ್ಲ ಬೇಗ ಲಸಿಕೆ ಹಾಕಬೇಕು. ಕುರಿಗಾರರು ಬೆಳಿಗ್ಗೆ ಹೊತ್ತೇರುವ ಮುಂಚೆಯೇ ಹಿಂಡನ್ನು ಮೇಯಲು ಬಿಟ್ಟುಬಿಡುತ್ತಾರೆ. ನಾವು ಬರುತ್ತೇವೆ ಅಂತ ಹೇಳಿದ್ದರಿಂದ ಆ ದಿನ ಹಸಿದ ಕುರಿಗಳನ್ನು ಸುತ್ತ ಕಟ್ಟಿದ ಬಲೆಯೊಳಗೇ ತಡೆದು ಕಾಯುತ್ತಿದ್ದರು.

ದೀಪ ಹತ್ತಿದ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಕಾರು ಕೊಟ್ಟು ಕಳಿಸಿದ ಸರ್ವಿಸ್ ಅಡ್ವೈಸರ್ ನಂಬರ್ ಫೋನಿನಲ್ಲಿತ್ತು. ಎಳೆಯ ವಯಸ್ಸಿನ ಹುಡುಗನಲ್ಲ, ಮದುವೆಯಾಗಿ ಮಗುವಿರುವವನು. ತುಂಬ ಮರ್ಯಾದೆಯಿಂದ ಮಾತಾಡುವವನು.

“ಆಯಿಲ್ ಲೈಟ್ ಹತ್ತೈತ್ರಿ. ನಿನ್ನೆ ಸರ್ವಿಸ್ ಆಗೈತಿ,” ಅಂದೆ.

“ಸರ್ವಿಸ್ ಆದ ಮೇಲೆ ಕೆಲವೊಂದು ಸಲ ಸೆನ್ಸರ್ ಹಂಗೆ ತೋರಿಸ್ತೈತೆ ಮೇಡಂ. ಏನೂ ಆಗಲ್ಲ. ನಿಧಾನಕ್ಕೆ ಓಡಿಸ್ಕೊಂಡು ಹೋಗ್ರಿ. ಸಾಯಂಕಾಲ ಈ ಕಡೆ ಬಂದ್ರೆ ನೋಡಿ ಕೊಡ್ತೀವಿ.”

ಸರ್ವಿಸ್ ಮಾಡಿದವರೇ ಹೇಳುತ್ತಿದ್ದಾರಲ್ಲ ಅಂತ ಮತ್ತೆ ಸ್ಟಾರ್ಟ್ ಮಾಡಿದೆ. ಒಂದು ಸಣ್ಣ ಏರು ಹತ್ತುವಾಗ ಇಂಜಿನ್ ಒಳಗಿಂದ ಕಟಕಟ ಸದ್ದು ಶುರುವಾಯಿತು, ಡಬ್ಬಿಯೊಳಗೆ ಹುಣಸೆ ಬೀಜ ಹಾಕಿ ಅಲುಗಾಡಿಸಿದ ಹಾಗೆ. ನಿಲ್ಲಿಸಿ, ಇಳಿದು, ಬಗ್ಗಿ ನೋಡಿದೆ. ಹೊಟ್ಟೆಯ ಕೆಳಗಿಂದ ಎಣ್ಣೆ ಎಳೆಯಾಗಿ ಸುರಿಯುತ್ತಿತ್ತು. ಹಿಂತಿರುಗಿ ನೋಡಿದರೆ ನಾನು ಬಂದ ದಾರಿಯ ಉದ್ದಕ್ಕೂ ಒದ್ದೆ ಗೆರೆ.

ನನ್ನ ಜೊತೆ ಕೆಲಸ ಮಾಡುವ ಜಾನುವಾರು ಇನ್ಸ್‌ಪೆಕ್ಟರು ಮೊದಲೇ ಬೈಕಿನಲ್ಲಿ ಹಟ್ಟಿಗೆ ಹೋಗಿದ್ದರು. ಅವರಿಗೆ ಫೋನ್ ಮಾಡಿದೆ. ಬರುವಾಗ ಅವರು ತಮಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕನನ್ನೂ ಕರೆತಂದರು. ಮೆಕ್ಯಾನಿಕ್ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿ, ಬ್ಯಾಟರಿ ಬೆಳಕು ಬಿಟ್ಟು ನೋಡಿದ.

“ಫಿಲ್ಟರ್ ಕಡಿಂದ ಬರಾಕ ಹತ್ತೈತ್ರಿ. ಲೂಸ್ ಬಿಟ್ಟಾರೋ, ಒಡದೈತೋ, ಬಿಚ್ಚಿದ್ರ ಗೊತ್ತಾಗ್ತೈತಿ. ಬಿಚ್ಲೇನ್ರಿ?”

ಬಿಚ್ಚು ಅಂದಿದ್ದರೆ ಬೇಗ ಮುಗಿಯುತ್ತಿತ್ತು. ಹೊಸ ಫಿಲ್ಟರು, ಒಂದು ಡಬ್ಬಿ ಆಯಿಲ್ ತರಿಸಿ ಹಾಕಿ ಮುಂದೆ ಹೋಗಬಹುದಿತ್ತು. ಐಸ್ ಕರಗುತ್ತಿತ್ತು, ಹಿಂಡು ಕಾಯುತ್ತಿತ್ತು. ಆದರೆ ಆ ಕಟಕಟ ಸದ್ದು ನನ್ನ ಕಿವಿಯಲ್ಲಿ ಉಳಿದಿತ್ತು. ಹೊರಗಿನವರು ಒಂದು ಸಲ ಕೈ ಹಾಕಿದರೆ ನಾಳೆ ಸರ್ವಿಸ್ ಸೆಂಟರಿನವರು ಆಡುವ ಮೊದಲ ಮಾತೇ ಅದು: ಯಾರೋ ಬಿಚ್ಚಿದಾರೆ, ನಮಗೆ ಸಂಬಂಧ ಇಲ್ಲ.

“ಬ್ಯಾಡಪ್ಪ, ಮುಟ್ಟಬ್ಯಾಡ. ಹೆಂಗೈತಿ ಹಂಗ ಇರ್ಲಿ,” ಅಂದೆ.

ಅವನಿಗೆ ಬೇಸರವಾಗಲಿಲ್ಲ. “ಅದೂ ಖರೇನ ಬಿಡ್ರಿ,” ಅಂತ ಕೈ ಒರೆಸಿಕೊಂಡ.

ಕಾರನ್ನು ದಾರಿಪಕ್ಕದ ಪಂಪ್‌ಸೆಟ್ ಮನೆಯ ನೆರಳಿಗೆ ತಳ್ಳಿ ಬೀಗ ಹಾಕಿದೆವು. ನಾನು ಲಸಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಇನ್ಸ್‌ಪೆಕ್ಟರ ಬೈಕಿನ ಹಿಂದೆ ಕೂತೆ. ಹೊಲದ ದಾರಿಯ ಒಂದೊಂದು ಕುಲುಕಿಗೂ ಪೆಟ್ಟಿಗೆಯ ಅಂಚು ಹೊಟ್ಟೆಗೆ ಒತ್ತುತ್ತಿತ್ತು.

ಹಟ್ಟಿಯಲ್ಲಿ ಕುರಿಗಾರನ ಹೆಂಡತಿ ಬಲೆಯ ಬಾಗಿಲು ಹಿಡಿದು ನಿಂತಿದ್ದಳು.

“ಯಾಕ್ರಿ ಡಾಕ್ಟ್ರಮ್ಮ, ಕಾರ್ ಎಲ್ಲಿ ಬಿಟ್ರಿ?”

“ಕೆಟ್ಟೈತವ್ವ.”

“ಛಲೋ ಇತ್ತಲ್ರಿ ಅದು.”

“ಛಲೋನ ಇತ್ತು. ನಿನ್ನಿ ಸರ್ವಿಸ್‌ಗೆ ಬಿಟ್ಟಿದ್ನಿ, ಅದಕ್ಕ ಕೆಟ್ಟೈತಿ.”

ಅವಳು ನಕ್ಕಳು. ನನಗೂ ಆ ದಿನದ ಮಟ್ಟಿಗೆ ಅದೊಂದೇ ನಗು.

ಪಿಪಿಆರ್ ಲಸಿಕೆ ಒಣಪುಡಿಯಾಗಿ ಬರುತ್ತದೆ. ಜೊತೆಗೆ ಕೊಟ್ಟ ದ್ರಾವಣದಲ್ಲಿ ಕಲಸಿದ ಮೇಲೆ ತಣ್ಣಗಿಟ್ಟು ಬೇಗ ಮುಗಿಸಬೇಕು. ಒಂದೊಂದೇ ಸೀಸೆ ಕಲಸಿ, ಚರ್ಮದ ಕೆಳಗೆ ಚುಚ್ಚಿ, ಚುಚ್ಚಿದ ಕುರಿಯ ಬೆನ್ನಿಗೆ ಬಣ್ಣ ಬಳಿದು ಹೊರಗೆ ಬಿಡುತ್ತ ಆ ಹಿಂಡನ್ನು ಮುಗಿಸಿದೆವು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು, ಐಸು ನೀರಾಗಿತ್ತು. ಹಗರಿ ಹೊಳೆಯ ಆಚೆ ಕಡೆಗೆ ಇನ್ನೊಂದು ಹಟ್ಟಿ ಕಾಯುತ್ತಿತ್ತು. ಕಾರಿದ್ದಿದ್ದರೆ ಆಸ್ಪತ್ರೆಯಿಂದ ಇನ್ನೊಂದು ಪೆಟ್ಟಿಗೆ ಲಸಿಕೆ ತಂದು ಅಲ್ಲಿಗೂ ಹೋಗಬಹುದಿತ್ತು. ಅವರಿಗೆ ಫೋನ್ ಮಾಡಿ ಹಿಂಡನ್ನು ಬಿಟ್ಟುಬಿಡಿ ಅಂತ ಹೇಳಬೇಕಾಯಿತು.

ಎಳೆದೊಯ್ಯುವ ಗಾಡಿಗಾಗಿ ಕಂಪನಿಯ ಸಹಾಯವಾಣಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿಂದ ಕಥೆ. “ತಂಬ್ರಹಳ್ಳಿ ಯಾವ ನಗರದ ಬಡಾವಣೆ ಮೇಡಮ್?” ಅಂತ ಒಬ್ಬರು ಕೇಳಿದರು. ಹೊತ್ತು ಇಳಿದ ಮೇಲೆ ಗಾಡಿ ಬಂತು. ಕಾರನ್ನು ಅದರ ಮೇಲೆ ಹತ್ತಿಸುವಾಗಲೇ ಅಡ್ವೈಸರಿಗೆ ಮೆಸೇಜ್ ಹಾಕಿದೆ: ನಾನು ಬರುವವರೆಗೆ ಏನನ್ನೂ ಬಿಚ್ಚಬೇಡಿ. ‘ಓಕೆ ಮೇಡಂ’ ಅಂತ ಉತ್ತರ ಬಂತು, ಪಕ್ಕದಲ್ಲಿ ಕೈಮುಗಿದ ಚಿತ್ರ.

ಮರುದಿನ ಕೊಟ್ಟೂರಿನಿಂದ ಮೊದಲ ಬಸ್ಸು ಹಿಡಿದು ಹರಪನಹಳ್ಳಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕಾಫಿ ಬೇಕೇ ಅಂತ ವಿಚಾರಿಸುವ ಹುಡುಗಿ. ವರ್ಕ್ಸ್ ಮ್ಯಾನೇಜರ್ ಬಂದು ಎದುರಿಗೆ ಕೂತರು. ಕಾರನ್ನು ಇನ್ನೂ ನೋಡಿಯೇ ಇರಲಿಲ್ಲ, ಆದರೆ ಕಾರಣ ಸಿದ್ಧವಾಗಿತ್ತು.

“ಕೆಳಗೆ ಕಲ್ಲು ಬಡಿದಿರ್ತೈತೆ ಮೇಡಂ. ನೀವು ಹೊಲದಾಗೆಲ್ಲ ಓಡಿಸ್ತೀರಂತಲ್ಲ.”

“ನಾನು ಹೊಲಕ್ಕ ಇನ್ನೂ ಹೋಗೇ ಇರ್ಲಿಲ್ರಿ. ಡಾಂಬರ್ ರಸ್ತೆ ಮ್ಯಾಲ ಆಗೈತಿ.”

“ನಮ್ಮ ಸಿಸ್ಟಂನಾಗೆ ಎಲ್ಲಾ ಓಕೆ ಅಂತ ಐತೆ.” ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಫಿಲ್ಟರ್ ಬದಲಾವಣೆ, ಸೋರಿಕೆ ತಪಾಸಣೆ, ಓಡಿಸಿ ನೋಡಿದ್ದು, ಎಲ್ಲದರ ಮುಂದೆಯೂ ಹಸಿರು ಗುರುತು.

“ಸಿಸ್ಟಂ ಬಿಡ್ರಿ. ಕಲ್ಲು ಎಲ್ಲಿ ಬಡಿದೈತಿ ಅನ್ನೋದು ತೋರಸ್ರಿ.”

ಒಳಗೆ ಹೋದರೆ ಕಾರು ಆಗಲೇ ಲಿಫ್ಟಿನ ಮೇಲಿತ್ತು, ಕೆಳಗಿನ ಮುಚ್ಚಳವನ್ನೂ ತೆಗೆದಿದ್ದರು. “ಸುಮ್ನೆ ನೋಡಕೆ ಮೇಡಂ, ಏನೂ ಬಿಚ್ಚಿಲ್ಲ,” ಅಂದ ಅಡ್ವೈಸರ್. ನಾನು ಇನ್ನೊಂದು ಬಸ್ಸಿಗೆ ಬಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಕಾರಿನ ಕೆಳಗೆ ನಿಂತು ಮ್ಯಾನೇಜರ್ ಬೆರಳಾಡಿಸಿ ಹುಡುಕಿದರು. ಎಣ್ಣೆಗೆ ಅಂಟಿದ ಧೂಳಿತ್ತು, ಒಂದು ಗೀರೂ ಇರಲಿಲ್ಲ. ಕೊನೆಗೆ ನನ್ನ ಕಣ್ಣೆದುರೇ ಫಿಲ್ಟರ್ ತಿರುಗಿಸಿ ತೆಗೆಸಿದರು.

ಈ ಫಿಲ್ಟರ್ ಅಂದರೆ ಒಂದು ದಪ್ಪ ಲೋಟದಂಥ ಡಬ್ಬಿ. ಅದರ ಬಾಯಿಗೆ ರಬ್ಬರ್ ರಿಂಗ್ ಇರುತ್ತದೆ. ಇಂಜಿನ್ನಿಗೆ ಒತ್ತಿ ಕೂತು ಎಣ್ಣೆ ಹೊರಬರದಂತೆ ತಡೆಯುವುದು ಆ ರಿಂಗು. ಈಗ ತೆಗೆದ ಡಬ್ಬಿಯ ಬಾಯಲ್ಲಿ ಒಂದು ರಿಂಗ್ ಇತ್ತು. ಅದರ ಮೇಲೆ ಇನ್ನೊಂದು, ಹಳೆಯದು, ಅರ್ಧ ಹೊರಗೆ ಚಾಚಿ ನಾಲಿಗೆಯ ಹಾಗೆ ಜೋತಾಡುತ್ತಿತ್ತು. ಹಳೆಯ ಫಿಲ್ಟರ್ ತೆಗೆದಾಗ ಅದರ ರಿಂಗು ಇಂಜಿನ್ನಿಗೇ ಅಂಟಿಕೊಂಡು ಉಳಿದಿದೆ. ಯಾರೂ ನೋಡಿಲ್ಲ. ಅದರ ಮೇಲೆಯೇ ಹೊಸದನ್ನು ಬಿಗಿದಿದ್ದಾರೆ. ಒಂದು ದಿನ ಹೇಗೋ ತಡೆದುಕೊಂಡಿದೆ, ಒತ್ತಡ ಏರಿದಾಗ ಜಾರಿದೆ.

ಕಲ್ಲಿನ ವಿಷಯ ಮತ್ತೆ ಬರಲಿಲ್ಲ.

“ಸಣ್ಣ ಮಿಸ್ಟೇಕ್ ಮೇಡಂ. ಆಗ್ತಿರ್ತೈತೆ. ಹೊಸ ಫಿಲ್ಟರು, ಹೊಸ ಆಯಿಲ್, ಎಲ್ಲಾ ಫ್ರೀ ಹಾಕ್ಕೊಡ್ತೀವಿ,” ಅಂದರು ಮ್ಯಾನೇಜರ್.

ಹಾಕಿದರು. ಸ್ಟಾರ್ಟ್ ಮಾಡಿದರು. ದೀಪ ಆರಿತು. ಕಾರನ್ನು ಕೆಳಗಿಳಿಸಿ, ಕೇಳದಿದ್ದರೂ ಇನ್ನೊಂದು ಸಲ ತೊಳೆದು, ಮುಂದೆ ತಂದು ನಿಲ್ಲಿಸಿದರು. ಅಡ್ವೈಸರ್ ಕೀಲಿ ಚಾಚಿ ಅಂದ, “ಗಾಡಿ ರೆಡಿ ಐತೆ ಮೇಡಂ.”

ನಾನು ಬಾನೆಟ್ ಪಕ್ಕ ನಿಂತು ಕೇಳಿಸಿಕೊಂಡೆ. ಹುಣಸೆ ಬೀಜದ ಸದ್ದು ಇಲ್ಲವಾಗಿತ್ತು, ಆದರೆ ಅದರ ಜಾಗದಲ್ಲಿ ಆಳದಿಂದ ಒಂದು ಟಕ್ ಟಕ್ ಬರುತ್ತಿತ್ತು. ಹೇಳಿದೆ.

“ಡೀಸೆಲ್ ಗಾಡಿ ಮೇಡಂ. ಸೌಂಡ್ ಇರ್ತೈತೆ,” ಅಂದರು ಮ್ಯಾನೇಜರ್.

“ಮೊನ್ನಿ ತನಕ ಇರ್ಲಿಲ್ಲ.”

“ಈಗ ನಿಮ್ಮ ಮನಸ್ಸಿನಾಗೆ ಅದೇ ಕೂತೈತೆ, ಅದಕ್ಕೆ ಕೇಳಿಸ್ತೈತೆ.”

ಈ ಮಾತಿಗೆ ನನಗೆ ಬಂದ ಸಿಟ್ಟು ಮೊದಲ ದಿನ ರಸ್ತೆಯಲ್ಲೂ ಬಂದಿರಲಿಲ್ಲ. ಕೂಗಾಡಬಹುದಿತ್ತು. ಹಾಗೆ ಮಾಡದೆ ಬ್ಯಾಗಿನಿಂದ ಸ್ಟೆತಸ್ಕೋಪ್ ತೆಗೆದೆ. ದನ, ಕುರಿ, ಆಡುಗಳ ಎದೆಗೆ ಇಡುವುದು ಅದು. ಕಾರನ್ನು ಮತ್ತೆ ಲಿಫ್ಟಿಗೆ ಏರಿಸಿ ಅಂದೆ. ಪಕ್ಕದ ಲಿಫ್ಟಿನಲ್ಲಿ ಅದೇ ಮಾದರಿಯ ಇನ್ನೊಬ್ಬರ ಕಾರಿತ್ತು. ಎರಡನ್ನೂ ಸ್ಟಾರ್ಟ್ ಮಾಡಿಸಿ ಮೊದಲು ಅದರ ಕೆಳಹೊಟ್ಟೆಗೆ ಇಟ್ಟು ಕೇಳಿದೆ, ಆಮೇಲೆ ನನ್ನದಕ್ಕೆ. ಆಮೇಲೆ ಸ್ಟೆತಸ್ಕೋಪನ್ನು ಮ್ಯಾನೇಜರ ಕೈಗೆ ಕೊಟ್ಟೆ.

“ಇದು ಆಡಿಗೆ ಇಡೋದಲ್ವಾ ಮೇಡಂ?” ಅಂತ ನಗುತ್ತಲೇ ಕಿವಿಗೆ ಹಾಕಿಕೊಂಡರು. ಪಕ್ಕದ ಕಾರಿಗೆ ಇಡುವಾಗಲೂ ನಗು ಇತ್ತು. ನನ್ನ ಕಾರಿಗೆ ಇಟ್ಟವರು ಸ್ವಲ್ಪ ಹೊತ್ತು ಹಾಗೇ ನಿಂತರು. ತೆಗೆದು ಕೊಡುವಾಗ ನಗಲಿಲ್ಲ.

“ಕಂಪನಿ ಇಂಜಿನಿಯರ್ ಬಂದು ನೋಡಬೇಕು. ನೀವು ಗಾಡಿ ತಗೊಂಡು ಹೋಗಿರ್ರಿ, ಅವ್ರು ಬಂದಾಗ ಫೋನ್ ಮಾಡ್ತೀವಿ.”

ಅಲ್ಲಿ ನಾನು ತೀರ್ಮಾನ ಮಾಡಬೇಕಿತ್ತು. ಕಾರು ತೆಗೆದುಕೊಂಡು ಹೋದರೆ ಹಗರಿಯಾಚೆಯ ಹಟ್ಟಿಗೆ ಅಂದೇ ಹೋಗಬಹುದು. ಆದರೆ ದಾರಿಯಲ್ಲಿ ಇಂಜಿನ್ ಬಿಗಿಯಾಗಿ ಹಿಡಿದುಕೊಂಡು ನಿಂತುಬಿಟ್ಟರೆ, ಮುಂದಿನ ಮಾತು ನೀವೇ ಓಡಿಸಿ ಕೆಡಿಸಿದಿರಿ ಅನ್ನುವುದು. ಕೀಲಿಯನ್ನು ಮೇಜಿನ ಮೇಲಿಟ್ಟೆ.

“ಒಳಗ ಬಿಚ್ಚಿ ನೋಡೋ ತನಕ ನಾನು ಗಾಡಿ ತಗೊಳ್ಳಂಗಿಲ್ಲ. ಇಲ್ಲೇ ಇರ್ಲಿ.”

“ಇದು ಡೆಲಿವರಿ ಕೊಡೋ ಜಾಗ ಮೇಡಂ. ಇಲ್ಲಿ ನಿಲ್ಲಿಸಂಗಿಲ್ಲ.”

“ಎಲ್ಲಿ ನಿಲ್ಲಿಸ್ಬೇಕೋ ನಿಲ್ಲಿಸ್ರಿ. ಓಡ್ಸೋದು ನಾನಲ್ಲ.”

ಬಸ್ಸಿನಲ್ಲಿ ಮನೆಗೆ ಬಂದೆ. ಅಡ್ವೈಸರಿಗೆ ಹೊರಗೆ ಬರುವಾಗ ಏನೇನೋ ಅಂದಿದ್ದೆ. ನಿಮ್ಮ ಮಾತು ಕೇಳಿ ಓಡಿಸಿದ್ದಕ್ಕೇ ಈ ಗತಿ ಅಂತಲೂ ಅಂದಿದ್ದೆ. ಅವನು ತಲೆ ತಗ್ಗಿಸಿ “ನೋಡ್ತೀವಿ ಮೇಡಂ, ಮಾಡ್ತೀವಿ ಮೇಡಂ” ಅನ್ನುತ್ತಲೇ ಇದ್ದ.

ಆಮೇಲಿನ ದಿನಗಳು ಹಾಗೇ ಹೋದವು. ಬೆಳಿಗ್ಗೆ ಬಸ್ಸು, ಅಲ್ಲಿಂದ ಇನ್ಸ್‌ಪೆಕ್ಟರ ಬೈಕು, ತೊಡೆಯ ಮೇಲೆ ಪೆಟ್ಟಿಗೆ. ಮಧ್ಯಾಹ್ನ ನೆರಳಲ್ಲಿ ನಿಂತು ಫೋನು, ಸಹಾಯವಾಣಿಗೆ ದೂರು. ಒಂದು ದಿನ ಸಹಾಯವಾಣಿಯಿಂದ ಮೆಸೇಜ್ ಬಂತು: ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ. ಯಾರಿಗೆ ತೃಪ್ತಿಯಾಯಿತು ಅಂತ ಕೇಳಲು ಫೋನ್ ಮಾಡಿದರೆ, ಮುಗಿದ ದೂರನ್ನು ತೆರೆಯಲು ಬರುವುದಿಲ್ಲ, ಹೊಸದಾಗಿ ಕೊಡಿ ಅಂದರು. ಹೊಸದಾಗಿ ಕೊಟ್ಟೆ. ಅದೂ ಮುಗಿಯಿತು. ಮತ್ತೆ ಕೊಟ್ಟೆ. ವರ್ಕ್ಸ್ ಮ್ಯಾನೇಜರ್ ಮೀಟಿಂಗಿನಲ್ಲಿರುತ್ತಿದ್ದರು, ಇಲ್ಲವೇ ಊಟಕ್ಕೆ ಹೋಗಿರುತ್ತಿದ್ದರು. ಮನೆಯಲ್ಲಿ ನನ್ನ ಗಂಡ, “ಹೋಗ್ಲಿ ಬಿಡು, ತಗೊಂಡು ಬಾ. ನಮ್ಮ ಖರ್ಚಿನಾಗ ಬ್ಯಾರೆ ಕಡಿ ಬಿಚ್ಚಿಸಿದ್ರಾತು,” ಅಂದರು. ನಾನು ಆ ರಾತ್ರಿ ಅವರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಹಗರಿಯಾಚೆಯ ಹಟ್ಟಿಯನ್ನು ನಾವು ಮುಟ್ಟುವ ಹೊತ್ತಿಗೆ ತಡವಾಗಿತ್ತು. ಕೆಲವು ಮರಿಗಳ ಮೂಗು ಸುರಿಯಲು ಶುರುವಾಗಿತ್ತು, ಒಂದು ಸತ್ತಿತ್ತು. ಜ್ವರ ಬಂದ ಮರಿಗೆ ಲಸಿಕೆ ಹಾಕಿ ಪ್ರಯೋಜನವಿಲ್ಲ. ಅವನ್ನು ಬೇರೆ ಮಾಡಿ ಔಷಧ ಕೊಟ್ಟು, ಉಳಿದವಕ್ಕೆ ಚುಚ್ಚಿದೆವು. ಅಲ್ಲಿನ ಹಿರಿಯ ಕುರಿಗಾರ ಸತ್ತ ಮರಿಯನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದ.

“ಮೊನ್ನಿ ಬರ್ತೀನಂದಿದ್ರಲ್ರಿ,” ಅಂದ. ದೂರುವ ದನಿಯಲ್ಲಲ್ಲ, ನೆನಪಿಸುವಂತೆ.

ಸೋಂಕು ಒಳಗೆ ಮೊದಲೇ ಇದ್ದಿರಬಹುದು. ನಾನು ಹೇಳಿದ ದಿನವೇ ಹೋಗಿದ್ದರೂ ಆ ಮರಿ ಉಳಿಯುತ್ತಿತ್ತು ಅಂತ ಯಾವ ವೈದ್ಯರೂ ಹೇಳಲಾರರು. ಅದನ್ನೆಲ್ಲ ಅವನಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ಗುಂಡಿ ಆಳ ತೋಡಿ ಸುಣ್ಣ ಹಾಕಿ ಹೂಳು ಅಂತ ಮಾತ್ರ ಹೇಳಿ, ಕೈ ತೊಳೆದುಕೊಂಡೆ.

ಕಂಪನಿ ಇಂಜಿನಿಯರ್ ಬರುವ ದಿನ ಕೊನೆಗೂ ಗೊತ್ತಾಯಿತು. ರಜೆ ಹಾಕಿ ಹೋದೆ. ಕೂದಲು ನೆರೆತ, ಹೆಚ್ಚು ಮಾತಾಡದ ಮನುಷ್ಯ. ಎರಡು ರಿಂಗುಗಳನ್ನು ನೋಡಿದರು, ಇಂಜಿನ್ ಸದ್ದು ಕೇಳಿದರು, ನನ್ನನ್ನೂ ಮ್ಯಾನೇಜರನ್ನೂ ಎದುರು ಕೂರಿಸಿಕೊಂಡರು.

ಮ್ಯಾನೇಜರ್ ಸಿದ್ಧವಾಗಿ ಬಂದಿದ್ದರು. “ಫಿಲ್ಟರ್ ವಿಷಯದಾಗೆ ನಮ್ಮದು ತಪ್ಪಾಗೈತೆ ಸರ್, ಒಪ್ಕೊಂತೀವಿ. ಆದ್ರೆ ಲೈಟ್ ಹತ್ತಿದ ಮೇಲೂ ಕಸ್ಟಮರ್ ಓಡಿಸ್ಯಾರೆ. ಇಂಜಿನ್ ಡ್ಯಾಮೇಜ್ ಅದ್ರಿಂದ ಆಗಿದ್ದು. ಅದಕ್ಕೆ ನಾವು ಜವಾಬ್ದಾರರಲ್ಲ.”

“ನಿಮ್ಮ ಅಡ್ವೈಸರ್ ಓಡಿಸ್ರಿ ಅಂದ್ರು, ಅದಕ್ಕ ಓಡಿಸಿದ್ನಿ,” ಅಂದೆ.

“ನಮ್ಮ ಸ್ಟಾಫ್ ಯಾರೂ ಹಂಗೆ ಹೇಳಲ್ಲ ಸರ್. ಟ್ರೇನಿಂಗ್ ಆಗಿರ್ತೈತೆ.”

ನನ್ನ ಬಳಿ ಏನಿತ್ತು? ಫೋನ್ ಮಾಡಿದ್ದು ಮೊಬೈಲಿನಲ್ಲಿ ಕಾಣುತ್ತದೆ. ಏನು ಮಾತಾಡಿದೆವು ಅನ್ನುವುದು ಕಾಣುವುದಿಲ್ಲ. ಇಷ್ಟು ದಿನ ಬಸ್ಸು ಹತ್ತಿ ಇಳಿದದ್ದೆಲ್ಲ ಈ ಒಂದು ಮಾತಿನಲ್ಲಿ ಮುಗಿಯಿತು ಅನ್ನಿಸಿತು.

ಇಂಜಿನಿಯರ್, “ಆ ಅಡ್ವೈಸರನ್ನು ಕರೆಯಿರಿ,” ಅಂದರು.

ಅವನು ಬಂದು ಬಾಗಿಲ ಬಳಿ ನಿಂತ. ಮ್ಯಾನೇಜರ್ ಅವನನ್ನೇ ನೋಡುತ್ತಿದ್ದರು. ಇಂಜಿನಿಯರ್ ದನಿ ಏರಿಸಲಿಲ್ಲ. “ಈ ಮೇಡಮ್ ಫೋನ್ ಮಾಡಿದಾಗ ನೀವು ಏನು ಹೇಳಿದಿರಿ?”

“ಸೆನ್ಸರ್ ಇರ್ಬೋದು, ನಿಧಾನಕ್ಕೆ ಓಡಿಸ್ಕೊಂಡು ಹೋಗ್ರಿ ಅಂದೆ ಸರ್.”

“ನಿಜವಾಗಿ?”

“ಹೌದು ಸರ್. ಅವ್ರು ಮೊದ್ಲು ನಿಲ್ಲಿಸಿದ್ರು. ನಾನು ಹೇಳಿದ್ಮೇಲೆ ಓಡಿಸ್ಯಾರೆ.” ಆಮೇಲೆ ತಾನಾಗಿಯೇ, “ಡೆಲಿವರಿಗೆ ಮುಂಚೆ ಲೀಕ್ ಚೆಕ್ ಮಾಡಿರ್ಲಿಲ್ಲ ಸರ್. ಅವತ್ತು ಗಾಡಿ ಜಾಸ್ತಿ ಇದ್ವು. ಟಿಕ್ ಹಾಕಿದ್ದು ನಾನೇ,” ಅಂದ.

ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದರು. ಇಂಜಿನಿಯರ್ ಎದ್ದು, “ಸಂಪ್ ಬಿಚ್ಚಿಸಿ,” ಅಂದರು.

ಸಂಪ್ ಅಂದರೆ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ. ಅದನ್ನು ಇಳಿಸಿದಾಗ ಹೊಸ ಎಣ್ಣೆಯಲ್ಲೇ ಲೋಹದ ಪುಡಿ ಮಿನುಗುತ್ತಿತ್ತು. ಒಳಗಿನ ಬೇರಿಂಗುಗಳು ಉಜ್ಜಿ ಗೀರಿ ಹೋಗಿದ್ದವು. ಇದನ್ನು ಓಡಿಸಿಕೊಂಡು ಹೋಗಿದ್ದರೆ ಯಾವುದೋ ಊರಿನ ನಡುವೆ ಇಂಜಿನ್ ಹಿಡಿದು ನಿಲ್ಲುತ್ತಿತ್ತು ಅಂತ ಇಂಜಿನಿಯರೇ ಹೇಳಿದರು. ಇಂಜಿನ್ನಿನ ಕೆಳಭಾಗ ಪೂರ್ತಿ ಹೊಸದಾಗಿ ಹಾಕಿಕೊಡಬೇಕು, ಖರ್ಚೆಲ್ಲ ಸರ್ವಿಸ್ ಸೆಂಟರಿನದೇ ಅಂತ ಬರೆದು ಸಹಿ ಹಾಕಿದರು.

ಹೊರಗೆ ಬಂದಾಗ ಅಡ್ವೈಸರ್ ನೀರಿನ ಡ್ರಮ್ಮಿನ ಹತ್ತಿರ ಒಬ್ಬನೇ ನಿಂತಿದ್ದ.

“ಇದನ್ನ ಮೊದಲ ಹೇಳಿದ್ರ ಇಷ್ಟೆಲ್ಲ ಯಾಕಾಗ್ತಿತ್ತಪ್ಪ?” ಅಂದೆ.

“ಮೊದ್ಲು ಯಾರೂ ಕೇಳಿರ್ಲಿಲ್ಲ ಮೇಡಂ.”

ಕೇಳಿದ ಕೂಡಲೇ ಸಿಟ್ಟು ಬಂತು. ಆದರೆ ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಾನು ಅವನಿಗೆ ಬೈದಿದ್ದೆ, ಅವನ ಮ್ಯಾನೇಜರ್ ಅವನ ಪರವಾಗಿ ತಾವೇ ಉತ್ತರ ಕೊಟ್ಟುಬಿಟ್ಟಿದ್ದರು, ಸಹಾಯವಾಣಿಯವರು ನನ್ನ ದೂರನ್ನು ಮುಗಿಸುತ್ತಿದ್ದರು. ಏನಾಯಿತು ಅಂತ ಅವನನ್ನು ಕೂರಿಸಿ ಕೇಳಿದವರು ನಿಜಕ್ಕೂ ಯಾರೂ ಇರಲಿಲ್ಲ. ಕೆಲಸ ಹೋಗಬಹುದು ಅಂತ ಗೊತ್ತಿದ್ದೂ ಒಂದೇ ಪ್ರಶ್ನೆಗೆ ಅವನು ಉತ್ತರ ಕೊಟ್ಟಿದ್ದ.

ಬಿಡಿಭಾಗ ಬರಲು ಇನ್ನಷ್ಟು ದಿನ ಹಿಡಿಯಿತು. ಅಷ್ಟರಲ್ಲಿ ಲಸಿಕೆಯ ಕೆಲಸ ಮುಗಿದು, ರೋಗ ಬೇರೆ ಹಿಂಡುಗಳಿಗೆ ಹಬ್ಬದೆ ನಿಂತಿತ್ತು. ಕಾರು ತರಲು ಹೋದಾಗ ಅವನ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ವಿಚಾರಿಸಿದರೆ, “ಸದ್ಯಕ್ಕೆ ವಾಷಿಂಗ್ ಸೆಕ್ಷನ್‌ನಾಗೆ ಹಾಕ್ಯಾರೆ ಮೇಡಂ. ಮುಂದೆ ಏನ್ ಮಾಡ್ತಾರೋ ಗೊತ್ತಿಲ್ಲ,” ಅಂದರು. ಹಿಂದೆ ಹೋಗಿ ನೋಡಿದೆ. ಪ್ಯಾಂಟು ಮಡಚಿ ಪೈಪು ಹಿಡಿದಿದ್ದ. ನನ್ನನ್ನು ನೋಡಿ ತಲೆ ಆಡಿಸಿದ. ನಾನೂ ತಲೆ ಆಡಿಸಿ ಬಂದೆ.

ಕೊಟ್ಟೂರು ಇನ್ನೂ ದೂರ ಇರುವಾಗಲೇ ಫೋನ್ ಬಂತು. ಬದಿಗೆ ನಿಲ್ಲಿಸಿದೆ. ಕಂಪನಿಯ ಕಡೆಯಿಂದ ಒಬ್ಬ ಹುಡುಗಿ, ನಮ್ಮ ಸೇವೆಗೆ ಅಂಕ ಕೊಡಬೇಕು ಅಂದಳು.

“ಒಟ್ಟಾರೆ ಸರ್ವಿಸ್‌ಗೆ ಎಷ್ಟು ಕೊಡ್ತೀರಾ ಮೇಡಮ್?”

“ಸೊನ್ನಿ ಐತೇನ್ರಿ ನಿಮ್ಮಲ್ಲಿ?”

“ಒಂದರಿಂದ ಹತ್ತರವರೆಗೆ ಮೇಡಮ್.”

“ಹಂಗಾದ್ರ ಒಂದು.”

“ನಿಮ್ಮ ಸರ್ವಿಸ್ ಅಡ್ವೈಸರಿಗೆ?”

“ಹತ್ತು.”

ಕೀಲಿಮಣೆಯ ಸದ್ದು ಕೇಳಿಸಿತು. “ಸಾರಿ ಮೇಡಮ್, ಅದು ಒಂದು, ಇದು ಹತ್ತು ಅಂದರೆ ಸಿಸ್ಟಮ್ ತಗೊಳ್ತಿಲ್ಲ. ಇದಕ್ಕೂ ಒಂದು ಅಂತ ಹಾಕಲಾ?”

“ಬ್ಯಾಡ. ಹತ್ತ ಹಾಕ್ರಿ.”

“ಅದು ತಗೊಳ್ತಿಲ್ಲ ಮೇಡಮ್.”

“ಮತ್ತೊಮ್ಮೆ ಹಾಕಿ ನೋಡ್ರಿ. ತಗೊಳ್ಳೋ ತನಕ ಕಾಯ್ತೀನಿ,” ಅಂತ ಇಂಜಿನ್ ಆರಿಸಿದೆ.